ಬಸಳೆ ಚಪ್ಪರದ ಕೆಳಗಿನ ಮೊಲ

ಕಲ್ಕತ್ತೆಯ ಡಮ್ ಡಮ್‌ನ ನಮ್ಮ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೊಂಕು ತೆಗೆಯುವ ಧೈರ್ಯ ಇದ್ದದ್ದು ಮೊಲಕ್ಕೆ ಮಾತ್ರ. ಬೇಡದ್ದನ್ನು ಮುಂದಿಟ್ಟರೆ ಅದು ಒಮ್ಮೆ ಮೂಸಿ, ಮೂತಿ ತಿರುಗಿಸಿ, ಬೆನ್ನು ಹಾಕಿ ಕೂತುಬಿಡುತ್ತಿತ್ತು. ಅಪ್ಪ ಹಾಗಲ್ಲ. ಅಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದರು, "ಹೇಗುಂಟು?" ಎಂದು ಕೇಳಿದರೆ "ಒಳ್ಳೆದುಂಟು" ಎನ್ನುತ್ತಿದ್ದರು, ಎದ್ದು ಕೈ ತೊಳೆಯುತ್ತಿದ್ದರು. ಉಪ್ಪು ಹೆಚ್ಚಾದ ದಿನವೂ ಒಳ್ಳೆದುಂಟು, ಸಾರು ತಳ ಹಿಡಿದ ದಿನವೂ ಒಳ್ಳೆದುಂಟು. ಅದು ಅಪ್ಪನ ಸ್ವಭಾವ ಎಂದೇ ನಾನು ತಿಳಿದಿದ್ದೆ. ಸ್ವಭಾವವಲ್ಲ, ಅವರು ಮನಸ್ಸಿನಲ್ಲೇ ಹೊತ್ತುಕೊಂಡಿದ್ದ ಒಂದು ಹರಕೆ ಎಂದು ಗೊತ್ತಾಗಲು ಮೊಲಕ್ಕೆ ಕಾಯಿಲೆ ಬರಬೇಕಾಯಿತು.

ಅರವತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಕಲ್ಕತ್ತೆಗೆ ವರ್ಗವಾಯಿತು. ನಮ್ಮ ಕರಾವಳಿಯಲ್ಲೇ ಹುಟ್ಟಿ ಬೆಳೆದ ಬ್ಯಾಂಕು ಅದು, ಅಲ್ಲಿಯೂ ಒಂದು ಶಾಖೆ ತೆರೆದಿತ್ತು. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಸಿಯಾಲ್ದಾ, ಅಲ್ಲಿಂದ ಆಫೀಸಿಗೆ ಟ್ರಾಮು. ಡಾಲ್‌ಹೌಸಿ ಚೌಕದ ಹೆಸರು ಹೋಗಿ ಬಿಬಿಡಿ ಬಾಗ್ ಆದ ಮೇಲೂ ಕಂಡಕ್ಟರುಗಳು ಡಾಲ್‌ಹೌಸಿ ಎಂದೇ ಕೂಗುತ್ತಿದ್ದರು, ಅಪ್ಪ ಕೂಡ ಹಾಗೇ ಹೇಳುತ್ತಿದ್ದರು. ಅಪ್ಪನಿಗೆ ಆಫೀಸಿತ್ತು, ನನಗೆ ಹೆಣ್ಣುಮಕ್ಕಳ ಶಾಲೆಯಿತ್ತು. ಅಮ್ಮನಿಗೆ ಏನಿತ್ತು? ಊರಿನಲ್ಲಿ ಬಾವಿಕಟ್ಟೆಗೆ ಹೋದರೆ ಮಾತು, ಬೇಲಿಯ ಹತ್ತಿರ ನಿಂತರೆ ಮಾತು, ಮೀನಿನವಳು ಬಂದರೆ ಅರ್ಧ ಗಂಟೆ ಮಾತು. ಇಲ್ಲಿ ಅವಳಿಗೆ ಬಂಗಾಳಿಯೂ ಬಾರದು, ಹಿಂದಿಯೂ ಬಾರದು. ನಾನು ತಿಂಗಳೊಪ್ಪತ್ತಿನಲ್ಲಿ ಬೀದಿಯ ಮಕ್ಕಳ ಜೊತೆ ಬಂಗಾಳಿಯಲ್ಲಿ ಜಗಳವಾಡುವಷ್ಟು ಕಲಿತೆ. ಅಮ್ಮ ಮಾತ್ರ ಕಿಟಕಿಯ ಸರಳು ಹಿಡಿದು ನಿಂತು ಒಣಗಿದಳು.

ಮೊದಲ ಸಲ ಊರಿಗೆ ಹೋಗಿ ಮರಳುವಾಗ ಅಮ್ಮ ಬಸಳೆಯ ಒಂದಷ್ಟು ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಮದರಾಸಿನಲ್ಲಿ ರೈಲು ಬದಲಿಸುವಾಗ ಹಾಸಿಗೆಯ ಸುರುಳಿಗಿಂತ ಹೆಚ್ಚು ಕಾಳಜಿ ಆ ಗಂಟಿನ ಮೇಲೆ. ಪ್ರತಿ ದೊಡ್ಡ ಸ್ಟೇಷನ್ನಿನಲ್ಲಿ ಅಪ್ಪ ಇಳಿದು ನಲ್ಲಿಯ ನೀರು ತಂದು ಅದಕ್ಕೆ ಚಿಮುಕಿಸಬೇಕು. ಡಮ್ ಡಮ್‌ಗೆ ಬಂದು ತಾರಸಿಯ ಮೇಲೆ ಸೀಮೆಎಣ್ಣೆ ಡಬ್ಬಗಳಲ್ಲಿ ಅದನ್ನು ನೆಟ್ಟಾಗ ಕೆಳಗಿನ ಮನೆಯ ಒಡತಿ ಹತ್ತಿ ಬಂದು ನೋಡಿ ನಕ್ಕರು. ಅವರನ್ನು ನಾವು ಮಾಶಿಮಾ ಎನ್ನುತ್ತಿದ್ದೆವು. ಅವರ ಪುಯಿ ಶಾಕ್ ಅದು, ನಮ್ಮ ಬಸಳೆಯೇ. ಆ ಊರಲ್ಲಿ ತಿಪ್ಪೆಯ ಪಕ್ಕದಲ್ಲೂ ತಾನಾಗಿ ಹಬ್ಬಿಕೊಳ್ಳುವ ಬಳ್ಳಿ. ಇದಕ್ಕಾಗಿ ರೈಲಿನಲ್ಲಿ ಅಷ್ಟು ದೂರದಿಂದ ಹೊತ್ತು ತಂದಿರಾ ಎಂದು ಅವರು ಕೇಳಿದ್ದನ್ನು ನಾನು ಅಮ್ಮನಿಗೆ ಹೇಳಿದೆ.

"ಅವರದ್ದು ಬೇರೆ, ನಮ್ಮದು ಬೇರೆ. ಎಲೆ ದಪ್ಪ ನೋಡು," ಎಂದಳು ಅಮ್ಮ.

ನನಗೆ ಎರಡರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಆದರೆ ಅಮ್ಮ ದಿನಾ ಸಂಜೆ ಮೀನು ತೊಳೆದ ನೀರನ್ನು ಜೋಪಾನವಾಗಿ ಮೇಲೆ ಒಯ್ದು ಬಳ್ಳಿಯ ಬುಡಕ್ಕೆ ಹೊಯ್ಯುತ್ತಿದ್ದಳು, ಊರಿನಲ್ಲಿ ಅವಳ ಅಮ್ಮ ಹೊಯ್ಯುತ್ತಿದ್ದ ಹಾಗೆ. ಅಪ್ಪ ಬಿದಿರಿನ ಚಪ್ಪರ ಕಟ್ಟಿಸಿದರು. ಬಳ್ಳಿ ಚಪ್ಪರ ಹತ್ತಿ ತುಂಬಿಕೊಂಡ ದಿನ ಅಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಬಾಯ್ತುಂಬ ನಕ್ಕಳು. ಆ ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು. ಬಸಳೆ ಸಾಂಬಾರು, ಬಸಳೆಗೆ ಹೆಸರುಕಾಳು, ಬಸಳೆಗೆ ಸಿಗಡಿ. ಭಾನುವಾರ ಬಸಳೆ ಪುಂಡಿ, ಅಂದರೆ ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳನ್ನು ಬೇಯಿಸಿ ಬಸಳೆಯ ಮಸಾಲೆಯಲ್ಲಿ ಮುಳುಗಿಸಿದ್ದು. ಅದನ್ನು ಮಾಡುವ ದಿನ ಅಮ್ಮ ಬೆಳಿಗ್ಗೆಯೇ ಒಂದು ತರಹ ಹಗುರಾಗಿ ಓಡಾಡುತ್ತಿದ್ದಳು. ಬಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಹೇಗುಂಟು?" ಎನ್ನುತ್ತಿದ್ದಳು. ಅಪ್ಪ, "ಒಳ್ಳೆದುಂಟು." ನಿಜವಾಗಿ ಒಳ್ಳೆಯದೇ ಇರುತ್ತಿತ್ತು.

ಆ ಹೊತ್ತಿಗೇ ಮೊಲ ಬಂತು. ಹಾತಿಬಾಗಾನಿನಲ್ಲಿ ಭಾನುವಾರ ಹಕ್ಕಿ, ಮೀನು, ನಾಯಿಮರಿ ಮಾರುವ ಸಂತೆ ಸೇರುತ್ತಿತ್ತು. ಅಲ್ಲಿ ನಾನು ರಸ್ತೆಯಲ್ಲೇ ಕೂತು ರಂಪ ಮಾಡಿ ಸಂಪಾದಿಸಿದ ಬಿಳಿ ಮೊಲ ಅದು, ಒಂದು ಕಿವಿಯ ತುದಿ ಮಾತ್ರ ಬೂದು. ಹೆಸರಿಡುವ ಜಗಳ ನಮ್ಮಲ್ಲಿ ಮುಗಿಯಲೇ ಇಲ್ಲ, ಹಾಗಾಗಿ ಅದು ಕೊನೆಯವರೆಗೂ ಬರೇ ಮೊಲವಾಗಿಯೇ ಉಳಿಯಿತು. ಅಪ್ಪನಿಗೆ ಅದು ಸುತರಾಂ ಇಷ್ಟವಿರಲಿಲ್ಲ. "ಹಾಲಿಲ್ಲ, ಮೊಟ್ಟೆ ಇಲ್ಲ, ಕಳ್ಳ ಬಂದರೆ ಬೊಗಳುದೂ ಇಲ್ಲ," ಎಂದರು. ಅಮ್ಮ ಮೊದಲು ಗೊಣಗಿದಳು, ವಾರ ಕಳೆಯುವುದರೊಳಗೆ ಅದರ ಜೊತೆ ಮಾತಾಡತೊಡಗಿದಳು. ನಾನು ಶಾಲೆಯಿಂದ ಬರುವಾಗ ತಾರಸಿಯಿಂದ ಅವಳ ದನಿ ಮೆಟ್ಟಿಲಲ್ಲೇ ಕೇಳುತ್ತಿತ್ತು. ಊರಿನ ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಎದ್ದು ಹೋದರು ಎಂಬುದೆಲ್ಲ ಆ ಮೊಲಕ್ಕೆ ಗೊತ್ತಿತ್ತು.

ಮೊಲದ ಊಟವೂ ಚಪ್ಪರದಿಂದಲೇ. ಕೊಯ್ದ ಬಸಳೆಯಲ್ಲಿ ಎಳೆಯದು ನಮಗೆ, ಬಲಿತದ್ದು ಅದಕ್ಕೆ. ಜೊತೆಗೆ ಕೆಂಪು ಹರಿವೆ, ನೆನೆಸಿದ ಕಡಲೆ. ಅದು ಕೂರುವುದು ಹಳೆಯ ಚಹಾ ಪೆಟ್ಟಿಗೆಯಲ್ಲಿ. ಬೆಕ್ಕುಗಳ ಭಯದಿಂದ ಅಮ್ಮ ಅದನ್ನು ಹೆಚ್ಚು ಹೊರಗೆ ಬಿಡುತ್ತಿರಲಿಲ್ಲ. ಒಮ್ಮೆ ಅದರ ಪೆಟ್ಟಿಗೆಯ ಕೆಳಗಿನ ಕಾಗದವೆಲ್ಲ ಕೆಂಪಾಗಿತ್ತು. ಅಮ್ಮ ರಕ್ತವೆಂದು ಎದೆ ಹಿಡಿದು ಕೂತಳು. ಮಾಶಿಮಾ ಬಂದು ನೋಡಿ, ಅವರ ತವರಿನಲ್ಲಿ ಮೊಲ ಸಾಕಿದ್ದರಂತೆ, ತಿಂದ ಸೊಪ್ಪಿನಿಂದ ಒಮ್ಮೊಮ್ಮೆ ಹೀಗೆ ಬಣ್ಣ ಬರುತ್ತದೆ ಎಂದು ಸಮಾಧಾನ ಹೇಳಿದರು. ಹರಿವೆ ಕೊಡದೆ ಇದ್ದ ಮಾರನೆಯ ದಿನ ಕೆಂಪು ಮಾಯ. ಹಾಗಾಗಿ ಮುಂದೆ ಕಾಗದದ ಮೇಲೆ ಬಿಳಿ ಕಲೆ ಕಾಣತೊಡಗಿದಾಗ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೊಲದ್ದು ಹೀಗೇ, ದಿನಕ್ಕೊಂದು ಬಣ್ಣ ಎಂದುಕೊಂಡೆವು.

ಮೊಲದ ಕಾಯಿಲೆಗೆ ಮೊದಲು ಅಪ್ಪನ ಕತೆ ಹೇಳಬೇಕು. ಒಂದು ಶನಿವಾರ ಅಪ್ಪನಿಗೆ ಅರ್ಧ ದಿನ ಆಫೀಸು. ಮಧ್ಯಾಹ್ನ ನನಗೆ ಶಾಲೆಯ ಬೂಟು ಕೊಡಿಸಲು ಕರೆದುಕೊಂಡು ಹೊರಟಿದ್ದರು. ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ನಿಂತು ಗೋಡೆಗೆ ಕೈಕೊಟ್ಟರು. ಮುಖವೆಲ್ಲ ಬೆವರು, ಹಲ್ಲು ಕಡಿಯುತ್ತಿದ್ದರು, ಆ ಸದ್ದು ನನಗೆ ಕೇಳುತ್ತಿತ್ತು. ಹತ್ತಿರದಲ್ಲೇ ಒಬ್ಬ ಡಾಕ್ಟರ ಷಾಪಿತ್ತು. ಅವರು ಒತ್ತಿ ನೋಡಿ, ಸೂಜಿ ಚುಚ್ಚಿ, ನೋವು ಇಳಿದ ಮೇಲೆ ಮೂತ್ರಕೋಶದ ದಾರಿಯಲ್ಲಿ ಕಲ್ಲು ಎಂದರು. ಏನೇನು ತಿನ್ನುತ್ತೀರಿ ಎಂದು ಕೇಳಿದರು. ಅಪ್ಪ ಸ್ವಲ್ಪ ಹೆಮ್ಮೆಯಿಂದಲೇ, ನಮ್ಮ ತಾರಸಿಯ ಮೇಲೇ ಪುಯಿ ಶಾಕ್ ಬೆಳೆಯುತ್ತದೆ, ಹೆಚ್ಚಾಗಿ ಅದೇ, ಎಂದರು. ಡಾಕ್ಟರು ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಅದನ್ನು ಇವತ್ತಿಗೇ ಬಿಟ್ಟುಬಿಡಿ, ಪಾಲಕ್ ಕೂಡ ಬೇಡ, ನಿಮ್ಮ ಕಲ್ಲಿಗೆ ನೀವೇ ಗೊಬ್ಬರ ಹಾಕುತ್ತಿದ್ದೀರಿ ಎಂದರು. ನೀರು ಚೆನ್ನಾಗಿ ಕುಡಿಯಿರಿ ಎಂದದ್ದು ಆಮೇಲೆ.

ಮನೆಯ ತಿರುವಿನಲ್ಲಿ ಅಪ್ಪ ನಿಂತರು.

"ಅಮ್ಮನಿಗೆ ಬಸಳೆಯ ವಿಷಯ ಹೇಳುದು ಬೇಡ."

"ಎಂತಕ್ಕೆ?"

"ಅವಳಿಗೆ ಈ ಊರಲ್ಲಿ ಅದೊಂದೇ ಇರುದು."

ಅಷ್ಟೇ ಹೇಳಿ ನಡೆದುಬಿಟ್ಟರು. ಮನೆಗೆ ಬಂದು ಅಮ್ಮನಿಗೆ, "ನೀರು ಜಾಸ್ತಿ ಕುಡಿಬೇಕಂತೆ. ಮತ್ತೆ ಎಂತದೂ ಇಲ್ಲ," ಎಂದರು. ಅಮ್ಮ ಹಣೆಗೆ ಕೈ ಹಚ್ಚಿದಳು. "ಎಲ್ಲ ಉಷ್ಣ. ಈ ಊರಿನ ಸೆಕೆಗೆ ಇನ್ನೆಂತ ಆಗ್ತದೆ? ತಂಪು ಬೀಳ್ಬೇಕು ಹೊಟ್ಟೆಗೆ." ನಮ್ಮ ಕಡೆ ತಂಪೆಂದರೆ ಮೊದಲು ನೆನಪಾಗುವುದು ಬಸಳೆಯೇ. ಆ ರಾತ್ರಿ ಬಸಳೆಯ ತಂಬುಳಿ. ಅಪ್ಪ ಉಂಡರು. ಒಳ್ಳೆದುಂಟು ಎಂದರು. ನಾನು ನನ್ನ ತಟ್ಟೆ ನೋಡಿಕೊಂಡು ಕೂತೆ.

ಅಪ್ಪನೊಡನೆ ಗುಟ್ಟು ಹಂಚಿಕೊಳ್ಳುವುದು ಮೊದಮೊದಲು ನನಗೆ ದೊಡ್ಡ ಗೌರವವೆನಿಸಿತ್ತು. ಆಮೇಲೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಭಾನುವಾರ ಬಂದರೆ ಪುಂಡಿ. ಅಪ್ಪನ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೇ ನಾನು ಕಣ್ಣಿಟ್ಟು ನೋಡುತ್ತಿದ್ದೆ. ಆಗಾಗ ಅವರಿಗೆ ಆ ನೋವು ಮರುಕಳಿಸುತ್ತಿತ್ತು. ಚಾಪೆಯ ಮೇಲೆ ಮುದುಡಿ ಮಲಗಿ, ಗೋಡೆಯ ಕಡೆ ಮುಖ ಮಾಡಿ ಹಲ್ಲು ಕಡಿಯುತ್ತಿದ್ದರು. ಅಮ್ಮ ಬಾರ್ಲಿ ನೀರು, ಎಳನೀರು ಎಂದು ಓಡಾಡುತ್ತಿದ್ದಳು. ಓಡಾಡಿ, ಚಪ್ಪರದ ಹತ್ತಿರ ಹೋಗಿ ಇನ್ನೊಂದು ಹಿಡಿ ಬಸಳೆ ಕೊಯ್ಯುತ್ತಿದ್ದಳು. ಅವಳ ಪ್ರೀತಿಗೆ ಗೊತ್ತಿದ್ದ ದಾರಿ ಅದೊಂದೇ. ಅಪ್ಪ ಬೇಡವೆನ್ನದೆ ತಿನ್ನುತ್ತಿದ್ದದ್ದೂ ಪ್ರೀತಿಯೇ. ಇಬ್ಬರ ಪ್ರೀತಿಯೂ ಸೇರಿ ಒಬ್ಬರನ್ನು ಹಿಂಡುತ್ತಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಮಳೆಗಾಲ ಮುಗಿದು, ದುರ್ಗಾಪೂಜೆಯ ಗದ್ದಲವೂ ಅಡಗಿದ ಮೇಲೆ ಮೊಲ ಮಂಕಾಯಿತು. ಹಿಂಭಾಗದ ಕೂದಲು ಯಾವಾಗಲೂ ಒದ್ದೆ, ಕೆಟ್ಟ ವಾಸನೆ. ಕಾಗದದ ಮೇಲಿನ ಬಿಳಿ ಕಲೆ ಒಣಗಿದರೆ ಪುಡಿಪುಡಿ, ಬೆರಳಿಗೆ ಮರಳು ಹತ್ತಿದ ಹಾಗೆ. ಮೂತ್ರಕ್ಕೆಂದು ಬೆನ್ನು ಬಾಗಿಸಿ ಕೂತು ತಿಣುಕುತ್ತಿತ್ತು, ಎರಡು ಹನಿ ಬೀಳುತ್ತಿತ್ತು, ಮತ್ತೆ ತಿಣುಕುತ್ತಿತ್ತು. ಅಮ್ಮ ಅಲ್ಲಿಗಲ್ಲಿಗೇ ತೀರ್ಮಾನ ಕೊಟ್ಟಳು.

"ಇದಕ್ಕೂ ಅಪ್ಪನದ್ದೇ ಉಪದ್ರ. ಉಷ್ಣ."

ಹಾಗೆ ನಮ್ಮ ಮನೆಯಲ್ಲಿ ಅಪ್ಪನಿಗೂ ಮೊಲಕ್ಕೂ ಒಂದೇ ಪಥ್ಯ ಶುರುವಾಯಿತು. ಅಪ್ಪನಿಗೆ ಲೋಟದಲ್ಲಿ ಬಾರ್ಲಿ ನೀರು, ಮೊಲಕ್ಕೆ ಬಸಿಯಲ್ಲಿ. ಮೊಲ ಮೂಸಿ ನೋಡಿ ಬೆನ್ನು ಹಾಕಿತು. "ನೋಡು ಇದರ ಗತ್ತು!" ಎಂದು ಅಮ್ಮ ಬೈದಳು. ಅಪ್ಪ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದರು. ಬಸಳೆಯನ್ನು ಮಾತ್ರ ಮೊಲವೂ ಬೇಡವೆನ್ನಲಿಲ್ಲ. ಕಾಯಿಲೆ ಹೆಚ್ಚಾದಷ್ಟೂ ಅಮ್ಮ ಬಸಳೆ ಹೆಚ್ಚಿಸಿದಳು.

ನಾನು ತಡೆಯಲಾರದೆ ಅಪ್ಪನನ್ನು ತಾರಸಿಯ ಮೆಟ್ಟಿಲಲ್ಲಿ ಹಿಡಿದೆ.

"ಮೊಲಕ್ಕೂ ಬಸಳೆಯೇ ಆಗದೆ ಇರುದಾ ಅಪ್ಪ?"

"ಮನುಷ್ಯರದ್ದು ಬೇರೆ, ಪ್ರಾಣಿಗಳದ್ದು ಬೇರೆ."

"ಅಮ್ಮನಿಗೆ ಹೇಳುವ."

ಅಪ್ಪ ಮೇಲೆ ಹೋಗಿ ಚಹಾ ಪೆಟ್ಟಿಗೆಯ ಪಕ್ಕ ಕೂತರು. ಅವರು ಮೊಲದ ಹತ್ತಿರ ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊಲ ಮೂಲೆಯಲ್ಲಿ ಮುದುಡಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಕಣ್ಣು ಅರ್ಧ ಮುಚ್ಚಿತ್ತು. ಕಟಕಟ ಎಂದು ಸಣ್ಣ ಸದ್ದು. ಏನನ್ನೋ ತಿನ್ನುತ್ತಿದೆ ಎಂದು ನಾನು ಅಂದುಕೊಂಡೆ. ಬಾಯಲ್ಲಿ ಏನೂ ಇರಲಿಲ್ಲ. ಅಪ್ಪ ಬಹಳ ಹೊತ್ತು ಕಿವಿಗೊಟ್ಟು ಕೇಳಿದರು.

"ಹಲ್ಲು ಕಡಿತಾ ಉಂಟು," ಎಂದರು. "ನೋವಿಗೆ. ಹೇಳ್ಲಿಕ್ಕೆ ಬಾಯಿ ಇಲ್ಲ ಅಲ್ವಾ ಪಾಪದ್ದಕ್ಕೆ."

ಬಾಯಿ ಇದ್ದವರು ಏನು ಮಹಾ ಹೇಳಿದ್ದಾರೆ ಎಂದು ನನಗೆ ನಾಲಿಗೆಯ ತುದಿಗೆ ಬಂತು. ಆದರೆ ಅಪ್ಪ ಕೈ ಚಾಚಿ ಅದರ ಎರಡು ಕಿವಿಗಳ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದರು. ಅವರ ಕಣ್ಣು ನೋಡಿ ಸುಮ್ಮನಾದೆ. ಆ ಮೊಲ ಏನನ್ನು ಅನುಭವಿಸುತ್ತಿದೆ ಎಂದು ನಮ್ಮ ಮನೆಯಲ್ಲಿ ಸರಿಯಾಗಿ ಗೊತ್ತಿದ್ದದ್ದು ಅವರೊಬ್ಬರಿಗೇ.

ಮರುದಿನ ಅಪ್ಪ ರಜೆ ಹಾಕಿದರು. ಸ್ವಂತ ನೋವಿಗೆ ಎಂದೂ ರಜೆ ಹಾಕಿದವರಲ್ಲ. ಬೆಲ್ಗಾಛಿಯಾದ ಕಡೆ ದೊಡ್ಡದೊಂದು ಪಶು ಆಸ್ಪತ್ರೆ ಇದೆಯೆಂದು ಮಾಶಿಮಾ ಹೇಳಿದ್ದರು. ಮೀನು ತರುವ ಬೆತ್ತದ ಬುಟ್ಟಿಯನ್ನು ತೊಳೆದು ಒಣಗಿಸಿ, ಅದರಲ್ಲಿ ಹಳೆಯ ಸೀರೆ ಹಾಸಿ ಮೊಲವನ್ನು ಮಲಗಿಸಿದೆವು. ಅಪ್ಪ ತಾವೊಬ್ಬರೇ ಹೋಗಿ ಬರುವುದಾಗಿ ಹೇಳಿದರು. ಅಮ್ಮ ಕೇಳಲಿಲ್ಲ. "ನಿಮ್ಮ ಕೈಯಲ್ಲಿ ಅದು ಹೆದರ್ತದೆ. ನಾನೂ ಬರ್ತೇನೆ," ಎಂದು ಚಪ್ಪಲಿ ಮೆಟ್ಟಿಯೇ ನಿಂತಳು. ನಾನಂತೂ ಬುಟ್ಟಿಯ ಹಿಡಿಕೆ ಬಿಡುವ ಪೈಕಿ ಅಲ್ಲ. ಮೂವರೂ ಬಸ್ಸು ಹತ್ತಿದೆವು. ಬುಟ್ಟಿಯಲ್ಲಿ ಮೀನಿದೆಯೆಂದು ತಿಳಿದ ಒಬ್ಬರು ಎಷ್ಟಕ್ಕೆ ಸಿಕ್ಕಿತು ಎಂದು ವಿಚಾರಿಸಿದರು.

ಆಸ್ಪತ್ರೆಯ ಅಂಗಳದಲ್ಲಿ ಗಾಡಿ ಎಳೆಯುವ ಕುದುರೆ, ಕೆಚ್ಚಲು ಬಾತ ಹಸು, ಕಾಲು ಮುರಿದ ಮೇಕೆ. ಅವುಗಳ ನಡುವೆ ಇಸ್ತ್ರಿ ಮಾಡಿದ ಶರ್ಟಿನ ಅಪ್ಪ ಬುಟ್ಟಿ ಹಿಡಿದು ನಿಂತಿದ್ದರು. ನಮ್ಮ ಸರದಿ ಬಂದಾಗ ಒಳಗಿದ್ದ ಡಾಕ್ಟರು ಬುಟ್ಟಿಯ ಮುಚ್ಚಳ ತೆಗೆದು ಒಮ್ಮೆ ನಕ್ಕರು. ಆದರೆ ಎತ್ತಿಕೊಂಡ ರೀತಿಯಲ್ಲೇ ಕೈಗೆ ಮೊಲದ ಪರಿಚಯ ಇದೆಯೆಂದು ತಿಳಿಯುತ್ತಿತ್ತು. ಪಾಠಕ್ಕಾಗಿ, ಪ್ರಯೋಗಕ್ಕಾಗಿ ಅವರಲ್ಲಿ ಮೊಲಗಳನ್ನು ಸಾಕಿದ್ದರಂತೆ. ಟವೆಲಿನಲ್ಲಿ ಸುತ್ತಿ, ಕಿಬ್ಬೊಟ್ಟೆಯ ಹತ್ತಿರ ಬೆರಳಿಟ್ಟು, ಅಮ್ಮನ ಮುಂದೆಯೇ ಮೆಲ್ಲಮೆಲ್ಲನೆ ಒತ್ತಿದರು. ಬಿಳಿಯ ಗಟ್ಟಿ ಪದಾರ್ಥ ಹೊರಬಂತು, ವೀಳ್ಯಕ್ಕೆ ಹಚ್ಚುವ ಸುಣ್ಣದ ಹಾಗೆ. ಮೊಲ ಹಲ್ಲು ಕಡಿಯಿತು. ಅಪ್ಪನ ದವಡೆಯೂ ಬಿಗಿದುಕೊಂಡಿತ್ತು.

ಡಾಕ್ಟರು ಏನು ತಿನ್ನಿಸುತ್ತೀರಿ ಎಂದು ಬಂಗಾಳಿಯಲ್ಲಿ ಕೇಳಿದರು. ಅಪ್ಪ ತಗ್ಗಿದ ದನಿಯಲ್ಲಿ, ಪುಯಿ ಶಾಕ್, ಲಾಲ್ ಶಾಕ್, ಕಡಲೆ, ಎಂದರು. ಡಾಕ್ಟರು ತಲೆ ಆಡಿಸಿ ವಿವರಿಸತೊಡಗಿದರು. ನಮ್ಮ ಹೊಟ್ಟೆ ತನಗೆ ಬೇಕಾದಷ್ಟೇ ಸುಣ್ಣದಂಶ ತೆಗೆದುಕೊಳ್ಳುತ್ತದೆ. ಮೊಲದ್ದು ಹಾಗಲ್ಲ, ತಿಂದದ್ದರಲ್ಲಿ ಇರುವುದನ್ನು ಬಹುಪಾಲು ರಕ್ತಕ್ಕೆ ಎಳೆದುಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಅದರ ಮೂತ್ರ ಕೊಂಚ ಬೆಳ್ಳಗೆ ಕದಡಿರುವುದು ಸಹಜ, ಹೀಗೆ ಮಡ್ಡಿ ಕಟ್ಟುವುದು ಸಹಜವಲ್ಲ. ಈ ಸೊಪ್ಪುಗಳಲ್ಲಿ ಆ ಅಂಶ ಬಹಳ, ಕಡಲೆಯಲ್ಲೂ ಇದೆ. ಮೇಲಿಂದ ಪೆಟ್ಟಿಗೆಯಲ್ಲಿ ಕೂತೇ ಇದ್ದರೆ ಮಡ್ಡಿ ತಳದಲ್ಲಿ ನಿಲ್ಲುತ್ತದೆ. ಅದೆಲ್ಲ ನಿಲ್ಲಿಸಿ. ಹುಲ್ಲು ಕೊಡಿ, ಹೊಟ್ಟೆ ತುಂಬ ಹುಲ್ಲು, ಅಗಲ ಬಟ್ಟಲಲ್ಲಿ ನೀರು, ಓಡಾಡಲು ಜಾಗ. ಇಲ್ಲದಿದ್ದರೆ ಉಳಿಯುವುದಿಲ್ಲ.

ನಾನು ಪ್ರತಿ ಮಾತನ್ನೂ ಅರ್ಥ ಮಾಡಿಕೊಂಡೆ. ಅಮ್ಮನಿಗೆ ಒಂದೂ ಅರ್ಥವಾಗಲಿಲ್ಲ. ಅವಳು ಮೊಲವನ್ನು ಎದೆಗೊತ್ತಿಕೊಂಡು ಅಪ್ಪನ ಕಡೆ ತಿರುಗಿದಳು.

"ಎಂತ ಹೇಳ್ತಾರೆ?"

ಅಪ್ಪ ಅಮ್ಮನನ್ನು ನೋಡಿದರು. ಆಮೇಲೆ ನನ್ನನ್ನು. ನೀರು ಜಾಸ್ತಿ ಕುಡಿಸಬೇಕಂತೆ, ಮತ್ತೆ ಎಂತದೂ ಇಲ್ಲ. ಆ ವಾಕ್ಯ ಅವರ ಬಾಯಿಯ ಹತ್ತಿರವೇ ಇದೆಯೆಂದು ನನಗೆ ಗೊತ್ತಿತ್ತು. ಅದನ್ನು ಹೇಳಿದರೆ ಅಮ್ಮ ಸಂಜೆಯೇ ಚಪ್ಪರದಿಂದ ಒಂದು ಹಿಡಿ ಕೊಯ್ದು ತಂದು ಮೊಲದ ಮುಂದಿಡುತ್ತಾಳೆ. ಅಪ್ಪ ಸುಳ್ಳು ಹೇಳಿದರೆ ಇಲ್ಲಿಯೇ ಕಿರುಚಿ ನಿಜ ಹೇಳಿಬಿಡುವುದೆಂದು ನಾನು ನಿಶ್ಚಯಿಸಿದೆ.

ಅಪ್ಪ ಗಂಟಲು ಸರಿಮಾಡಿಕೊಂಡರು.

"ಬಸಳೆ ಕೊಡ್ಲಿಕ್ಕೆ ಆಗುದಿಲ್ಲ ಅಂತೆ," ಎಂದರು. "ಬಸಳೆಯಿಂದಲೇ ಹೀಗೆ ಆದದ್ದಂತೆ. ಹರಿವೆಯೂ ಬೇಡ, ಕಡಲೆಯೂ ಬೇಡ. ಬರೇ ಹುಲ್ಲು."

ಅಮ್ಮ ಮೊಲದ ತಲೆಯ ಮೇಲೆ ಗಲ್ಲವಿಟ್ಟು, "ನನಗೆ ಗೊತ್ತಿರ್ಲಿಲ್ಲ ಮಗಾ," ಎಂದಳು. ಮೊಲಕ್ಕೆ. ಡಾಕ್ಟರಿಗೆ ಕನ್ನಡ ಬಾರದಿದ್ದರೂ ಅದು ಅರ್ಥವಾಗಿರಬೇಕು, ಅವರು ಬೇರೆ ಕಡೆ ತಿರುಗಿ ಸೂಜಿ ತಯಾರು ಮಾಡಿದರು.

ಮರಳುವಾಗ ಬಸ್ಸಿನಿಂದಿಳಿದು ಸೈಕಲ್ ರಿಕ್ಷಾ ಮಾಡಿದೆವು. ನಾನು ಇಬ್ಬರ ನಡುವೆ, ಬುಟ್ಟಿ ನನ್ನ ತೊಡೆಯ ಮೇಲೆ. ರೈಲ್ವೆ ಗೇಟು ಹಾಕಿತ್ತು, ರಿಕ್ಷಾ ನಿಂತಿತು.

"ನಿಮಗೆ ಆ ದಿನ ಡಾಕ್ಟರು ಎಂತ ಹೇಳಿದ್ದು?" ಎಂದು ಅಮ್ಮ ಎದುರಿಗೆ ನೋಡುತ್ತಲೇ ಕೇಳಿದಳು.

"ನೀರು ಕುಡಿಬೇಕು ಅಂತ."

"ಮತ್ತೆ?"

ಅಪ್ಪ ಮುಚ್ಚಿದ ಗೇಟಿನ ಕಡೆ ನೋಡಿದರು. ಅಮ್ಮ ನನ್ನ ಕಡೆ ತಿರುಗಿದಳು. "ನೀನು ಹೋಗಿದ್ದಿ ಅಲ್ವಾ ಜೊತೆಗೆ? ಎಂತ ಹೇಳಿದ್ದು?"

ನಾನು ಬುಟ್ಟಿಯ ಮುಚ್ಚಳ ನೋಡಿದೆ. ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟರು. "ಅವಳನ್ನು ಕೇಳ್ಬೇಡ. ನಾನೇ ಹೇಳ್ತೇನೆ."

ರೈಲು ಹೋಗುವವರೆಗೆ ಕಾದು ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟದ್ದು, ಗೊಬ್ಬರ ಎಂದದ್ದು, ಎಲ್ಲ. ಗೇಟು ಎತ್ತಿತು. ಮನೆ ಮುಟ್ಟಿದಾಗ ಅಮ್ಮ ರಿಕ್ಷಾ ಇಳಿದವಳೇ ಚಪ್ಪಲಿ ಕೂಡ ಬಿಡದೆ ತಾರಸಿಗೆ ಹತ್ತಿದಳು. ಈಗ ಚಪ್ಪರ ಕೀಳುತ್ತಾಳೆ ಎಂದು ನಾವಿಬ್ಬರೂ ಹೆದರಿ ಹಿಂದೆಯೇ ಓಡಿದೆವು. ಅವಳು ಅದರ ಕೆಳಗೆ ಸುಮ್ಮನೆ ನಿಂತಿದ್ದಳು.

"ಇಷ್ಟು ಸಮಯ ನಾನು ನಿಮಗೆ ನೋವೇ ಬೇಯಿಸಿ ಹಾಕಿದ್ದಾ?"

"ಹಾಗಲ್ಲ ಮಾರಾಯ್ತಿ."

"ಮತ್ತೆ ಹೇಗೆ? ಮೊಲಕ್ಕೆ ಹೇಳ್ಲಿಕ್ಕೆ ಬಾಯಿ ಇಲ್ಲ. ನಿಮಗೆ ಇರ್ಲಿಲ್ವಾ?"

ಅಪ್ಪ ಬಹಳ ಕಷ್ಟಪಟ್ಟು ಮಾತು ಹುಡುಕಿದರು. "ನಿನ್ನನ್ನು ಇಷ್ಟು ದೂರ ತಂದು ಹಾಕಿದೆ. ನಿನಗೆ ಇಲ್ಲಿ ಖುಷಿ ಅಂತ ಇದ್ದದ್ದು ಇದೊಂದೇ. ಅದಕ್ಕೂ ಬೇಡ ಹೇಳುದು ಹೇಗೆ ಅಂತ..."

"ಇದೊಂದೇ ಅಂತ ನಿಮಗೆ ಯಾರು ಹೇಳಿದ್ದು?" ಅಮ್ಮನ ದನಿ ಒಡೆಯಿತು. "ಈ ಬಳ್ಳಿ ನೋಡಿ ನಾನು ಕಲ್ಕತ್ತೆಗೆ ಬಂದದ್ದಾ?"

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಾ ನಿಂತರು. ನಾನು ಬುಟ್ಟಿ ಹಿಡಿದುಕೊಂಡು ಮೆಟ್ಟಿಲಿನ ಹತ್ತಿರವೇ ಇದ್ದೆ. ಅಮ್ಮ ಬಂದು ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡಳು.

ಮರುದಿನದಿಂದ ಹುಲ್ಲಿನ ಉಸಾಬರಿಯನ್ನು ಅಪ್ಪ ವಹಿಸಿಕೊಂಡರು. ಆಫೀಸಿನಿಂದ ಬಂದು ಚಹಾಕ್ಕೂ ಕೂರದೆ ಫುಟ್ಬಾಲ್ ಮೈದಾನದ ಅಂಚಿಗೆ ಹೋಗಿ, ಪ್ಯಾಂಟು ಮಡಚಿಕೊಂಡು ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೊಯ್ಯುತ್ತಿದ್ದರು. ಬ್ಯಾಂಕಿನ ಬಾಬು ಹಸು ಕಟ್ಟಿದ್ದಾರಾ ಎಂದು ಬೀದಿಯವರು ತಮಾಷೆ ಮಾಡಿದರು. ಅದನ್ನು ಮನೆಗೆ ತಂದು ತೊಳೆದು, ಜಾಲರಿಯ ಮೇಲೆ ಹರಡಿ, ನೀರು ಸೋರಿದ ಮೇಲೆ ಮೊಲದ ಮುಂದಿಡುತ್ತಿದ್ದರು. ಮೊದಮೊದಲು ಮೊಲ ಮೂಸಿ ಬೆನ್ನು ಹಾಕಿತು. ಅಪ್ಪ ಸೋಲಲಿಲ್ಲ. ಪಕ್ಕದಲ್ಲೇ ಕೂತು ಒಂದೊಂದೇ ಎಸಳನ್ನು ಅದರ ಮೂತಿಗೆ ತಾಗಿಸುತ್ತಿದ್ದರು. "ತಿನ್ನು. ನನಗೂ ಬಸಳೆ ಇಲ್ಲ, ನಿನಗೂ ಇಲ್ಲ," ಎನ್ನುತ್ತಿದ್ದರು. ಅಮ್ಮ ಊರಿನಿಂದ ತಂದ ಕಲ್ಲಿನ ಮರಿಗೆಯನ್ನು ಅದರ ನೀರಿಗೆಂದು ಬಿಟ್ಟುಕೊಟ್ಟಳು. ಅಲ್ಲಿಯವರೆಗೆ ಅದರಲ್ಲಿ ಉಪ್ಪಿನಕಾಯಿ ಬಿಟ್ಟು ಬೇರೇನನ್ನೂ ಹಾಕಲು ಬಿಟ್ಟವಳಲ್ಲ. ಬೆಕ್ಕು ಬರದಂತೆ ತಾರಸಿಯ ಸುತ್ತ ಅಪ್ಪ ಬಲೆ ಕಟ್ಟಿಸಿದರು, ಮೊಲ ಚಹಾ ಪೆಟ್ಟಿಗೆಯಿಂದ ಹೊರಬಿತ್ತು. ಇನ್ನೂ ಕೆಲವು ಸಲ ಬೆಲ್ಗಾಛಿಯಾಕ್ಕೆ ಹೋಗಿಬಂದೆವು. ನಿಧಾನವಾಗಿ ಕಾಗದದ ಮೇಲಿನ ಕಲೆ ತೆಳುವಾಯಿತು, ಹಿಂಭಾಗದ ಕೂದಲು ಒಣಗಿತು. ಒಂದು ಸಂಜೆ ಅದು ಚಪ್ಪರದ ಕೆಳಗೆ ಸುಮ್ಮಸುಮ್ಮನೆ ಗಾಳಿಯಲ್ಲಿ ಎಗರಿ ಮೈ ತಿರುಚಿ ಬಿತ್ತು. ಸಂತೋಷವಾದರೆ ಮೊಲ ಹಾಗೆ ಕುಣಿಯುತ್ತದೆ. ಅಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಬಸಳೆಯನ್ನು ಅಮ್ಮ ಕೀಳಲಿಲ್ಲ. ಕೊಯ್ದದ್ದನ್ನು ಮಾಶಿಮಾಗೆ ಕೊಡತೊಡಗಿದಳು. ಅವರು ಅದನ್ನು ಹಿಲ್ಸಾ ಮೀನಿನ ತಲೆ ಹಾಕಿ ಬೇಯಿಸುತ್ತಿದ್ದರು, ಪರಿಮಳ ಮೇಲಿನವರೆಗೂ ಬರುತ್ತಿತ್ತು. ಕೊಡಲು ಹೋದಾಗ ಕೈಸನ್ನೆ, ಕೈಸನ್ನೆಯಿಂದ ಮುರುಕು ಬಂಗಾಳಿ. ಸ್ವಲ್ಪ ಕಾಲದಲ್ಲಿ ಅಮ್ಮ ಕೆಳಗೆ ಹೋದರೆ ಕರೆದು ತರಲು ನನ್ನನ್ನು ಕಳಿಸಬೇಕಾಗುತ್ತಿತ್ತು.

ಆದರೆ ನಾನು ಹೇಳಬೇಕೆಂದಿದ್ದದ್ದು ಅದಕ್ಕೂ ಮೊದಲಿನ ಒಂದು ಭಾನುವಾರದ್ದು, ಆಸ್ಪತ್ರೆಗೆ ಹೋಗಿಬಂದ ಮೇಲಿನ ಮೊದಲ ಭಾನುವಾರ. ಅಮ್ಮ ಪುಂಡಿ ಮಾಡಿದ್ದಳು. ಬಸಳೆಯ ಬದಲು ಸೋರೆಕಾಯಿ. ಅಪ್ಪ ಊಟಕ್ಕೆ ಕೂತರು. ಬಿಸಿಲೆಂದು ಒಳಗೆ ತಂದಿದ್ದ ಮೊಲ ಬಾಗಿಲ ಹತ್ತಿರ ಹುಲ್ಲು ಮೂಸುತ್ತಿತ್ತು. ಅಮ್ಮ ಬಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತಳು.

"ಹೇಗುಂಟು?"

ಅಪ್ಪನ ಬಾಯಿ ಆ ಹಳೆಯ ಉತ್ತರಕ್ಕೆ ತಯಾರಾದದ್ದು ನನಗೆ ಕಂಡಿತು. ಅವರು ತಡೆದರು. ಅಗಿದರು, ನುಂಗಿದರು. ಒಮ್ಮೆ ಮೊಲದ ಕಡೆ ನೋಡಿದರು.

"ಸಪ್ಪೆ," ಎಂದರು ಮೆಲ್ಲಗೆ. "ಪುಂಡಿಗೆ ಸೋರೆಕಾಯಿ ಹೊಂದುದಿಲ್ಲ."

ಅಮ್ಮ ಅವರನ್ನೇ ನೋಡಿದಳು. ಮುಖವೆಲ್ಲ ಅರಳುತ್ತಾ ಬಂತು, ಕಣ್ಣು ತುಂಬುತ್ತಾ ಬಂತು. ಚಪ್ಪರ ತುಂಬಿದ ದಿನ ನಕ್ಕದ್ದಕ್ಕಿಂತ ಜೋರಾಗಿ ನಕ್ಕುಬಿಟ್ಟಳು. ಏನಾಯಿತೆಂದು ಮಾಶಿಮಾ ಕೆಳಗಿನಿಂದ ಕೂಗಿ ಕೇಳಿದರು. ಅಮ್ಮ ಅಪ್ಪನ ಎದುರು ನೆಲದ ಮೇಲೆ ಕೂತು, ಅವರ ತಟ್ಟೆಯಿಂದಲೇ ಒಂದು ಪುಂಡಿ ತೆಗೆದು ಬಾಯಿಗೆ ಹಾಕಿಕೊಂಡಳು.

"ಹೌದು," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಸಪ್ಪೆಯೇ. ಇನ್ನೊಮ್ಮೆ ಹೇಳಿ ನೋಡುವ."